ಕಂಪಾಸ್ ಬಾಕ್ಸಿನೊಳಗೆ ತಾತನ ಲಿಂಗ

ಐ.ಡಿ.ಹಳ್ಳಿ, ಮಧುಗಿರಿ ತಾಲ್ಲೂಕು
೧೬-೨-೨೦೨೫, ಭಾನುವಾರ

ಪ್ರೀತಿಯ ಗೌರೀಶಣ್ಣನಿಗೆ,

ನಿನ್ನ ತಂಗಿ ಭವ್ಯಳ ನಮಸ್ಕಾರ. ಹೇಗಿದ್ದೀಯ? ಹೊಟ್ಟೆ ಉರಿ ಕಡಿಮೆಯಾಯಿತಾ, ಇಲ್ಲ ಈಗಲೂ ಬೆಳಿಗ್ಗೆ ಬರೀ ಟೀ ಕುಡಿದು ಮಧ್ಯಾಹ್ನದವರೆಗೆ ಹಾಗೇ ತಳ್ಳುತ್ತೀಯಾ? ಪಾವಗಡದ ಬಿಸಿಲು ನಮ್ಮ ಕಡೆಗಿಂತ ಜೋರಂತೆ. ಅಂಗಡಿಗೆ ಶೀಟಿನ ಚಾವಣಿ ಇದ್ದರೆ ಮೇಲೆ ತೆಂಗಿನ ಗರಿ ಹಾಕಿಸಿಕೋ. ನೀನು ಮೀಸೆ ಬಿಟ್ಟಿದ್ದೀಯಂತೆ, ನನಗೆ ನಂಬಿಕೆ ಬರಲಿಲ್ಲ, ನಿನಗೆ ಮೀಸೆ ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕದರಪ್ಪ ಅವರ ಬೋರ್‌ವೆಲ್ ಮೋಟರ್ ಸುಟ್ಟುಹೋಗಿ, ರೀವೈಂಡಿಂಗ್‌ಗೆ ಅಂತ ಪಾವಗಡಕ್ಕೆ ಹಾಕಿಕೊಂಡು ಬಂದಿದ್ದರಲ್ಲ, ಅವರೇ ನಮ್ಮ ಜಗಲಿಯ ಮೇಲೆ ಕೂತು ಹೇಳಿದರು. "ಅಯ್ಯನೋರೇ, ನಿಮ್ ಮೊಮ್ಮಗನ್ನ ಕಂಡೆ. ಬಸ್ ಸ್ಟ್ಯಾಂಡ್ ತಾವ ಮೋಟ್ರು ಸುತ್ತೋ ಅಂಗಡೀಲವ್ರೆ" ಅಂದರು. ಅಪ್ಪ ಕೆಮ್ಮಿಕೊಂಡು ಎದ್ದು ಒಳಗೆ ಹೋದರು. ತಾತ ಮಾತ್ರ "ಉಣ್ಣಕ್ಕೆ ಎಲ್ಲಿಗೋಗ್ತಾನಂತೆ?" ಅಂತ ಕೇಳಿದರು. ಕದರಪ್ಪ ಅದನ್ನು ವಿಚಾರಿಸಿರಲಿಲ್ಲ. ಆಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಈ ಕಾಲದಲ್ಲಿ ಇವಳು ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡ. ಅಮ್ಮನ ಫೋನಿನಲ್ಲಿದ್ದ ನಿನ್ನ ಹಳೆಯ ನಂಬರಿಗೆ ಬುಧವಾರ ಮೂರು ಸಲ ಮಾಡಿದೆ. ಆ ನಂಬರು ಚಾಲ್ತಿಯಲ್ಲಿಲ್ಲವಂತೆ. ಕದರಪ್ಪನವರಿಗೆ ನಿನ್ನ ಅಂಗಡಿಯ ಹೆಸರು ನೆನಪಿತ್ತು, ನಂಬರು ಇಸಿದುಕೊಂಡಿರಲಿಲ್ಲ. ಫೋನ್ ಸಿಕ್ಕಿದ್ದರೂ ಇದನ್ನೆಲ್ಲ ಬಾಯಲ್ಲಿ ಹೇಳಲು ನನ್ನ ಕೈಲಿ ಆಗುತ್ತಿರಲಿಲ್ಲ, ಮನೆ ತುಂಬ ನೆಂಟರಿದ್ದಾರೆ. ಈಗ ಎಲ್ಲರೂ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾರೆ, ನಾನು ಪರೀಕ್ಷೆಗೆ ಓದಿಕೊಳ್ಳುತ್ತೇನೆ ಅಂತ ಹೇಳಿ ಅಟ್ಟದ ಮೇಲೆ ಬಂದು ಬರೆಯುತ್ತಿದ್ದೇನೆ. ನಾಳೆ ಮಧುಗಿರಿಗೆ ಹೋಗಿ ಪಾವಗಡದ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಅವರು ನಿನ್ನ ಅಂಗಡಿಗೆ ತಲುಪಿಸುತ್ತಾರೆ. ಪೋಸ್ಟಿಗೆ ಹಾಕಿದರೆ ಶನಿವಾರದೊಳಗೆ ಸಿಗುತ್ತದೋ ಇಲ್ಲವೋ.

ಇನ್ನು ಸುತ್ತಿಬಳಸುವುದಿಲ್ಲ. ನಿಂತುಕೊಂಡು ಓದುತ್ತಿದ್ದರೆ ಕೂತುಕೋ ಅಣ್ಣ. ತಾತ ಹೋಗಿಬಿಟ್ಟರು. ಮೊನ್ನೆ ಬುಧವಾರ ಮಧ್ಯಾಹ್ನ, ಬಸ್ಸಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ. ಅಪ್ಪ ಎಲ್ಲರಿಗೂ ಚನ್ನಮಲ್ಲಯ್ಯನವರು ಲಿಂಗೈಕ್ಯರಾದರು ಅಂತ ಮೆಸೇಜ್ ಕಳಿಸಿದ್ದಾರೆ. ನನಗೆ ಆ ಪದ ಬರೆಯಲು ಕೈ ಬರುತ್ತಿಲ್ಲ. ಯಾಕೆ ಅಂತ ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ತಾತನ ಬಲಗಣ್ಣಿಗೆ ಪೊರೆ ಬಂದಿತ್ತು. ಕೊರಟಗೆರೆಯಲ್ಲಿ ಒಬ್ಬರು ಡಾಕ್ಟರು ಚೆನ್ನಾಗಿ ನೋಡುತ್ತಾರೆ ಅಂತ ತಾತನೇ ಎಲ್ಲಿಂದಲೋ ತಿಳಿದುಕೊಂಡು ಬಂದು, ಭವ್ಯ ಜೊತೆಗೆ ಬರಲಿ, ಅವಳಿಗೆ ಓದಿಕೊಳ್ಳಲು ರಜ ಇದೆಯಲ್ಲ ಅಂದರು. ಮಧುಗಿರಿಯಲ್ಲೇ ಕಣ್ಣಿನ ಡಾಕ್ಟರು ಇರುವಾಗ ಅಷ್ಟು ದೂರ ಯಾಕೆ ಅಂತ ಅಪ್ಪ ರೇಗಿದರು. ತಾತ ಆಗಲೇ ಚಪ್ಪಲಿ ಮೆಟ್ಟಿದ್ದರು. ನಾನೂ ಮುಖ ಊದಿಸಿಕೊಂಡೇ ಹೊರಟೆ. ಡಾಕ್ಟರು ಕಣ್ಣಿಗೆ ಡ್ರಾಪ್ಸ್ ಹಾಕಿ, ಮಂಜು ಮಂಜಾಗಿ ಕಾಣುತ್ತದೆ, ಎರಡು ಗಂಟೆ ಹುಷಾರು ಅಂದರು. ಬಸ್ ಸ್ಟ್ಯಾಂಡಿಗೆ ಬಂದರೆ ಮಧುಗಿರಿ ಬಸ್ಸು ಖಾಲಿ ನಿಂತಿತ್ತು. ಹತ್ತಿ ತಾತ ಅಂದೆ. ರಶ್ಶು ಕಣಮ್ಮ, ಬ್ಯಾಡ ಅಂದರು. ಖಾಲಿ ಬಸ್ಸಿಗೆ ರಶ್ಶು ಅಂದಿದ್ದಕ್ಕೆ ಡ್ರಾಪ್ಸಿನ ಪ್ರಭಾವ ಅಂದುಕೊಂಡೆ. ಆಮೇಲೆ ಬಂದ ಪ್ರತಿ ಬಸ್ಸಿಗೂ "ಬೋರ್ಡು ಏನೈತೆ ಓದಮ್ಮ" ಅಂತ ಕೇಳುತ್ತ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಲಿಸಿದರು. ನಾನು ಪಾವಗಡ ಅಂತ ಓದಿದ ಮೇಲೆ "ಇದೇ ಹತ್ತು, ಇದು ದಾರೀಲಿ ನಿಲ್ಲಲ್ಲ, ಬಿರ್‍ನೆ ಹೋಗುತ್ತೆ" ಅಂದರು. ಆ ಬಸ್ಸು ಮಧುಗಿರಿ ಮೇಲೆಯೇ ಹೋಗುವುದರಿಂದ ನನಗೆ ಏನೂ ಅನ್ನಿಸಲಿಲ್ಲ, ಇಳಿದು ನಮ್ಮೂರ ಬಸ್ಸು ಹಿಡಿದರಾಯಿತು ಅಂದುಕೊಂಡು ಕಿಟಕಿ ಪಕ್ಕ ಕೂತು ಇಯರ್‌ಫೋನ್ ಹಾಕಿಕೊಂಡೆ. ಟಿಕೆಟ್ ತಾತನೇ ತೆಗೆದುಕೊಂಡರು. ಕಂಡಕ್ಟರ್ ಜೊತೆ ಏನೋ ಮಾತಾಡುತ್ತಿದ್ದರು, ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ಮನಸ್ಸೂ ಇರಲಿಲ್ಲ.

ಕೊರಟಗೆರೆ ದಾಟಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ತಾತನ ತಲೆ ನನ್ನ ಹೆಗಲ ಮೇಲೆ ಬಿತ್ತು. ನಾನು ಹೊಸ ಚೂಡಿದಾರ ಹಾಕಿದ್ದೆ ಅಣ್ಣ, ನೀಲಿ ಬಣ್ಣದ್ದು. ಹಣೆಯ ವಿಭೂತಿ ಬಟ್ಟೆಗೆ ಹತ್ತುತ್ತದೆ ಅಂತ ಆ ತಲೆಯನ್ನು ಎರಡು ಬೆರಳಲ್ಲಿ ಆಚೆಗೆ ತಳ್ಳಿದೆ. ಅದು ಬಸ್ಸಿನ ಕುಲುಕಾಟಕ್ಕೆ ಮತ್ತೆ ಬಂತು. ಮತ್ತೆ ತಳ್ಳಿದೆ. ಮೂರನೇ ಸಲ ಸ್ವಲ್ಪ ಜೋರಾಗಿಯೇ ತಳ್ಳಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಹೊನ್ನಕ್ಕ ಅನ್ನುವವರು "ಇರ್‍ಲಿ ಬುಡು ಮಗಾ, ಅಯ್ಯನೋರಿಗೆ ಸುಸ್ತಾಗೈತೆ, ಒರಗಿಕೊಳ್ಳಲಿ" ಅಂದರು. ನಾಚಿಕೆಯಾಗಿ ತಳ್ಳುವುದನ್ನು ಬಿಟ್ಟೆ. ಆಮೇಲೆ ಮಧುಗಿರಿ ಬರುವವರೆಗೆ ತಾತ ನನ್ನ ಹೆಗಲ ಮೇಲೆಯೇ ಇದ್ದರು, ನಾನು ಮೊಬೈಲ್ ನೋಡುತ್ತಿದ್ದೆ. ಗೆಳತಿ ಒಬ್ಬಳು ಕಳಿಸಿದ ಯಾವುದೋ ವಿಡಿಯೋಗೆ ನಕ್ಕೆ ಕೂಡ. ಅದು ಯಾವುದು ಅಂತ ನೆನಪು ಮಾಡಿಕೊಳ್ಳಲು ಹೋದರೆ ನೆನಪಾಗುತ್ತಿಲ್ಲ.

ಮಧುಗಿರಿಯಲ್ಲಿ ಬಸ್ಸು ನಿಂತಾಗ ತಾತಾ ಏಳಿ, ಇಳಿಯಬೇಕು ಅಂದೆ. ಕಂಡಕ್ಟರ್ ಅಲ್ಲಿಂದಲೇ "ಕೂತ್ಕಳಮ್ಮ, ಇನ್ನೂ ಐತೆ" ಅಂದರು. ಬಸ್ಸು ಹೊರಡಲು ಇನ್ನೂ ಹೊತ್ತಿದೆ, ಗಾಬರಿ ಬೇಡ ಅನ್ನುತ್ತಿದ್ದಾರೆ ಅಂತ ತಿಳಿದು ನಾನು ತಾತನ ತೋಳು ಹಿಡಿದು ಅಲ್ಲಾಡಿಸಿದೆ. ಕನ್ನಡಕ ಜಾರಿ ತೊಡೆಯ ಮೇಲೆ ಬಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನನಗೆ ಮೊದಲು ಆಗಿದ್ದು ಏನು ಗೊತ್ತಾ, ಅಳು ಅಲ್ಲ, ಭಯವೂ ಅಲ್ಲ, ಎಲ್ಲರೂ ನೋಡುತ್ತಿದ್ದಾರಲ್ಲ ಅಂತ ಮುಜುಗರ. ಕಂಡಕ್ಟರ್ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಡ್ರೈವರ್‌ಗೆ ಎಂಜಿನ್ ಆಫ್ ಮಾಡಲು ಹೇಳಿದರು. ಮೋಹನ್ ಕುಮಾರ್ ಅಂತ ಆ ಕಂಡಕ್ಟರ್ ಹೆಸರು. ಅವರೇ ತಾತನನ್ನು ಎತ್ತಿಕೊಂಡು ಆಟೋಗೆ ಕೂರಿಸಿ ಆಸ್ಪತ್ರೆವರೆಗೆ ಬಂದರು. ಹೃದಯಾಘಾತ, ಅರ್ಧ ಗಂಟೆಯ ಮೇಲಾಗಿದೆ ಅಂದರು ಡಾಕ್ಟರು. ನಾನು ಅಲ್ಲೇ ಲೆಕ್ಕ ಹಾಕಿದೆ. ಅರ್ಧ ಗಂಟೆ ಅಂದರೆ ನಾನು ತಲೆ ತಳ್ಳುತ್ತಿದ್ದ ಹೊತ್ತು. ಮೊದಲನೇ ಸಲ ತಳ್ಳಿದಾಗ ಇದ್ದರೋ, ಮೂರನೇ ಸಲಕ್ಕೆ ಇರಲಿಲ್ಲವೋ, ನನಗೆ ಗೊತ್ತಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಎಲ್ಲರೂ ನನ್ನ ತಲೆ ಸವರಿ, ಮೊಮ್ಮಗಳ ಹೆಗಲ ಮೇಲೆ ಮಲಗಿ ಸುಖವಾಗಿ ಹೋದರು, ಪುಣ್ಯವಂತರು ಅನ್ನುತ್ತಾರೆ. ನಾನು ತಲೆ ಆಡಿಸುತ್ತೇನೆ.

ಆಮೇಲಿನದು ನಿನಗೆ ನಾನು ವಿವರಿಸಬೇಕಾಗಿಲ್ಲ, ತಾತನ ಜೊತೆ ಎಷ್ಟು ಸಾವಿನ ಮನೆಗೆ ಹೋಗಿಲ್ಲ ನೀನು. ಅವರಿವರ ಮನೆಯಲ್ಲಿ ತಾತ ಮಾಡಿಸುತ್ತಿದ್ದದ್ದನ್ನೆಲ್ಲ ತಾತನಿಗೇ ಮಾಡಿದರು. ಪಡಸಾಲೆಯ ಗೋಡೆಗೆ ಒರಗಿಸಿ, ಹಣೆಗೆ ಬಟ್ಟೆ ಕಟ್ಟಿ ಕೂರಿಸಿದರು. ಜೀವ ಇದ್ದಾಗ ಕೂರುತ್ತಿದ್ದ ಜಾಗವೇ ಅದು. ನೀರು ಕೊಡಲೇನೋ ಅನ್ನುವ ಹಾಗೆ ಅಮ್ಮ ಎರಡು ಸಲ ಅಡಿಗೆಮನೆಯಿಂದ ಲೋಟ ಹಿಡಿದು ಬಂದು ಹಿಂದಕ್ಕೆ ಹೋದಳು. ನಿನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಗುರುವಾರ ಬೆಳಿಗ್ಗೆ ಮಾತ್ರ ಅಮ್ಮ ಬಾಗಿಲ ಹತ್ತಿರ ನಿಂತು ರಸ್ತೆ ನೋಡುತ್ತಿದ್ದಳು, ಅಪ್ಪ ಅದನ್ನು ಕಂಡರು. ತಾವೂ ಒಂದು ಸಲ ರಸ್ತೆ ಕಡೆ ನೋಡಿದರು. ಅಪ್ಪನಿಗೂ ನಿನ್ನನ್ನು ಕರೆಸಬೇಕು ಅನ್ನಿಸಿತ್ತು ಅಂತ ನನಗೆ ಅನುಮಾನ, ಆದರೆ ಅವರ ಬಾಯಿಂದ ಆ ಮಾತು ಬರಬೇಕಾದರೆ ನಮ್ಮೂರ ಬೆಟ್ಟ ಜರುಗಬೇಕು.

ಪಾದ ಇಡಲು ಕೊಡಿಗೇನಹಳ್ಳಿ ಕಡೆಯಿಂದ ಕಾಡಸಿದ್ದಯ್ಯನವರು ಬಂದಿದ್ದರು. ಅವರು ತಾತನ ತಲೆಯ ಮೇಲೆ ಪಾದ ಇಟ್ಟು ಮಂತ್ರ ಹೇಳುವಾಗ ನಾನು ಮುಖ ತಿರುಗಿಸಿಕೊಂಡೆ. ಮೂರು ವರ್ಷದ ಹಿಂದೆ ನಿನಗೆ ಏನಾಗಿತ್ತು ಅಂತ ನನಗೆ ಅರ್ಥವಾಗಿದ್ದು ಆಗಲೇ. ನಿನಗೆ ಆಗ ಹತ್ತೊಂಬತ್ತು. ನಿನ್ನ ಗೆಳೆಯ ಕಿರಣ್ ಕುಮಾರ್ ಬೈಕ್ ಆಕ್ಸಿಡೆಂಟಿನಲ್ಲಿ ತೀರಿಹೋದಾಗ, ಹಿಂದಿನ ದಿನ ತಾನೇ ನಿನ್ನ ಜೊತೆ ವಾಲಿಬಾಲ್ ಆಡಿದ್ದ ಹುಡುಗ, ತಾತ ತನಗೆ ಮಂಡಿನೋವು ಅಂತ ತನ್ನ ಬದಲಿಗೆ ನಿನ್ನನ್ನು ಕಳಿಸಿದ್ದರು. ಅವನ ತಲೆಯ ಮೇಲೆ ಪಾದ ಇಡು ಅಂದರೆ ನೀನು ಕಾಲೆತ್ತಿ ನಿಂತುಬಿಟ್ಟೆಯಂತೆ, ಇಡಲೂ ಇಲ್ಲ, ಇಳಿಸಲೂ ಇಲ್ಲ, ಆಮೇಲೆ ಜನರನ್ನು ತಳ್ಳಿಕೊಂಡು ಓಡಿ ಬಂದೆ. ಅಯ್ಯನೋರ ಮನೆಯ ಮರ್ಯಾದೆ ಮಣ್ಣುಪಾಲು ಮಾಡಿದೆ ಅಂತ ಅಪ್ಪ ಅಂಗಳದಲ್ಲೇ ನಿನ್ನ ಕೆನ್ನೆಗೆ ಹೊಡೆದರು. ನೀನು ಕೊರಳಿನ ಶಿವದಾರ ಕಿತ್ತು ಲಿಂಗವನ್ನು ಎಸೆದೆ. ಅದು ಒರಳುಕಲ್ಲಿಗೆ ತಾಗಿ ಟಣ್ ಅಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಆಗ ನನಗೆ ಹದಿಮೂರು, ನೀನು ಮಾಡಿದ್ದು ದೊಡ್ಡ ತಪ್ಪು ಅಂತಲೇ ತಿಳಿದಿದ್ದೆ. ಈಗ ತಪ್ಪು ಸರಿ ಎಲ್ಲ ನನಗೆ ಕಲಸಿಹೋಗಿದೆ ಅಣ್ಣ. ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದಕ್ಕೆ ಕ್ಷಮಿಸು.

ನೀನು ಬ್ಯಾಗು ಹಿಡಿದು ಹೋದ ಮೇಲೆ ಆ ಲಿಂಗವನ್ನು ತಾತ ಎತ್ತಿಕೊಂಡದ್ದು ನಾನು ನೋಡಿದ್ದೆ. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಹಾರಿತ್ತು. ಅದನ್ನು ಬಾವಿಗೆ ಬಿಟ್ಟುಬಂದರು ಅಂತ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು, ಯಾರೂ ಕೇಳಲಿಲ್ಲ. ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ನೀನು ಹೋದ ಮೇಲೆ ತಾತನ ಪೂಜೆ ಎರಡರಷ್ಟು ಹೊತ್ತಾಗತೊಡಗಿತು. ಗೋಡೆ ಕಡೆ ತಿರುಗಿ ಕೂತರೆ ಏಳುತ್ತಲೇ ಇರಲಿಲ್ಲ. ಮುದ್ದೆ ಆರಿಹೋಗುತ್ತದೆ ಅಂತ ಅಮ್ಮ ಗೊಣಗುತ್ತಿದ್ದಳು, ವಯಸ್ಸಾಯಿತು, ಮಂತ್ರ ಮರೆತು ಮತ್ತೆ ಮೊದಲಿಂದ ಹೇಳುತ್ತಾರೆ ಅನ್ನುತ್ತಿದ್ದರು ಅಪ್ಪ. ಒಂದು ಸಲ ನಾನು, ಇಷ್ಟೊತ್ತು ಕೂತರೆ ಶಿವನಿಗೂ ಬೇಸರ ಬರುತ್ತದೆ ತಾತ ಅಂತ ರೇಗಿಸಿದೆ. "ನಂದು ಮುಗೀತು ಕಣಮ್ಮ, ಇನ್ನೊಬ್ರ ಪಾಲಿಂದು ಐತೆ" ಅಂದರು. ಸತ್ತುಹೋದ ಅಜ್ಜಿಯ ಹೆಸರಲ್ಲಿ ಏನೋ ಮಾಡುತ್ತಾರೆ ಅಂದುಕೊಂಡೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಗುರುವಾರ ತಾತನಿಗೆ ಸ್ನಾನ ಮಾಡಿಸುವ ಮೊದಲು ಅಪ್ಪ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಕೊರಳಿಂದ ತೆಗೆದು, ಭವ್ಯ ಇದು ಜೋಪಾನ ಅಂತ ನನ್ನ ಕೈಗೆ ಕೊಟ್ಟರು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಕರಡಿಗೆ ಮನೆಯಲ್ಲಿ ಉಳಿಯಬೇಕು, ಲಿಂಗ ಮಾತ್ರ ಹೋದವರ ಎಡ ಅಂಗೈಯಲ್ಲಿ ಮಣ್ಣಿಗೆ ಹೋಗಬೇಕು. ಅಮ್ಮ ಬಿಳಿ ಬಟ್ಟೆಯ ತುಂಡು ಕೊಟ್ಟು ಲಿಂಗವನ್ನು ಅದರಲ್ಲಿ ಕಟ್ಟಿಡು ಅಂದಳು. ಕಟ್ಟಿದೆ. ತಾತ ಆಸ್ಪತ್ರೆಗೆ ಹಾಕಿಕೊಂಡು ಬಂದಿದ್ದ ಜುಬ್ಬ ಅಲ್ಲೇ ಬಿದ್ದಿತ್ತು. ಮಡಿಸೋಣ ಅಂತ ತೆಗೆದರೆ ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಅಂಥದ್ದೇ ಬಿಳಿ ಬಟ್ಟೆಯ ಸಣ್ಣ ಗಂಟು. ಬಿಚ್ಚಿದೆ. ಅಂಚಿನಲ್ಲಿ ಚಕ್ಕೆ. ನಿನ್ನ ಲಿಂಗ ಅಣ್ಣ. ಅದರ ಮೇಲೆ ಬುಧವಾರ ಬೆಳಿಗ್ಗೆ ತಾತ ಇಟ್ಟ ವಿಭೂತಿ ಇನ್ನೂ ಇತ್ತು.

ನನ್ನ ತಲೆ ಅಲ್ಲೇ ನಿಂತುಹೋಯಿತು. ಮೂರು ವರ್ಷ ದಿನಾ ಬೆಳಿಗ್ಗೆ ತಾತ ತನ್ನ ಲಿಂಗದ ಪೂಜೆ ಮುಗಿಸಿ, ಆಮೇಲೆ ಅದೇ ಅಂಗೈಯಲ್ಲಿ ನಿನ್ನದನ್ನು ಇಟ್ಟುಕೊಂಡು ನಿನ್ನ ಬದಲಿಗೆ ಪೂಜೆ ಮಾಡುತ್ತಿದ್ದರು, ಹಿಂದೆ ಓಡಾಡುತ್ತಿದ್ದ ನಮಗೆ ಯಾರಿಗೂ ಗೊತ್ತಾಗದ ಹಾಗೆ. ಅದನ್ನು ಮತ್ತೆ ಗಂಟು ಕಟ್ಟಿ, ಎರಡು ಗಂಟನ್ನೂ ದುಪಟ್ಟದ ತುದಿಯಲ್ಲಿ ಹಿಡಿದುಕೊಂಡು ಕೂತೆ. ಯಾರಿಗೆ ಹೇಳಬೇಕು, ಅಮ್ಮನಿಗೋ ಅಪ್ಪನಿಗೋ ಅಂತ ಯೋಚಿಸುತ್ತಿರುವಾಗಲೇ ಎಲ್ಲರೂ ಹೊರಟರು. ತೋಟದಲ್ಲಿ ಅಜ್ಜಿಯ ಗದ್ದುಗೆ ಪಕ್ಕದಲ್ಲಿ ಗುಂಡಿ ತೆಗೆದಿದ್ದರು. ತಾತನನ್ನು ಒಳಗೆ ಇಳಿಸಿ ಕೂರಿಸಿದ ಮೇಲೆ ಕಾಡಸಿದ್ದಯ್ಯನವರು "ಲಿಂಗ ಯಾರ ತಾವ ಐತೆ, ತತ್ತಾ ಮಗಾ" ಅಂದರು. ನಾನು ಹೆಂಗಸರ ಗುಂಪಿನಿಂದ ಗುಂಡಿಯವರೆಗೆ ನಡೆದು ಹೋದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಗಂಟು ಕೊಟ್ಟೆ. ಅವರು ಬಿಚ್ಚಿ ತಾತನ ಎಡ ಅಂಗೈಯಲ್ಲಿ ಇಟ್ಟರು. ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಅಂಚಿನಲ್ಲಿ ಚಕ್ಕೆ ಹಾರಿದ್ದು ನನಗೆ ಕಾಣಿಸಿತು.

ಅಲ್ಲ ಸ್ವಾಮೀ, ಇದಲ್ಲ ಅನ್ನಬೇಕಿತ್ತು. ಅಷ್ಟೇ ಮಾತು. ಬಾಯಿ ಬರಲಿಲ್ಲ ಅಣ್ಣ. ಅಷ್ಟರಲ್ಲಿ ಬಿಲ್ವಪತ್ರೆ ಮುಚ್ಚಿದರು, ವಿಭೂತಿ ಗಟ್ಟಿ ಇಟ್ಟರು, ಉಪ್ಪು ಸುರಿದರು. ಯಾರೋ ನನ್ನ ಕೈಗೆ ಮಣ್ಣು ಕೊಟ್ಟರು. ಮೂರು ಹಿಡಿ ನಾನೇ ಹಾಕಿದೆ. ಹಾಕುವಾಗಲೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ.

ತಾತನ ಲಿಂಗ ಈಗ ನನ್ನ ಕಂಪಾಸ್ ಬಾಕ್ಸಿನಲ್ಲಿದೆ. ಕೈವಾರ, ಕೋನಮಾಪಕ ಎಲ್ಲ ತೆಗೆದು ಹತ್ತಿ ಹಾಸಿ ಇಟ್ಟಿದ್ದೇನೆ. ಲಿಂಗ ಮೈ ಬಿಟ್ಟು ಒಂದು ಗಳಿಗೆ ಇರಬಾರದು ಅಂತ ನಮ್ಮಿಬ್ಬರಿಗೂ ಹೇಳಿಕೊಟ್ಟವರು ಅವರು. ಒಂದು ಸಲ ಕೆರೆಯಲ್ಲಿ ಈಜುವಾಗ ಬಿಚ್ಚಿಟ್ಟೆ ಅಂತ ನಿನಗೆ ಊಟ ಹಾಕದೆ ಕೂರಿಸಿದ್ದರು. ಪೂಜೆ ಆಗದೆ ಒಂದು ಗುಟುಕು ನೀರು ಕುಡಿಯದ ಮನುಷ್ಯನನ್ನು ನಾನು ಅವರ ಲಿಂಗವಿಲ್ಲದೆ ಮಣ್ಣಿನಲ್ಲಿ ಕೂರಿಸಿ ಬಂದಿದ್ದೇನೆ. ಇನ್ನೊಂದು ಕಡೆ, ಬದುಕಿರುವ ನಿನ್ನ ಲಿಂಗ ಮಣ್ಣಿನೊಳಗಿದೆ. ಇದರಿಂದ ನಿನಗೆ ಏನಾದರೂ ಆಗುತ್ತದಾ? ನಿನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಅಂತ ಗೊತ್ತು. ನನಗೂ ಪೂರ್ತಿ ಇದೆ ಅಂತ ಹೇಳಲಾರೆ. ಆದರೂ ನಾಲ್ಕು ದಿನದಿಂದ ಆಟೋ ಸದ್ದಾದರೆ, ಯಾರದ್ದಾದರೂ ಫೋನ್ ಬಂದರೆ, ಪಾವಗಡದಿಂದ ಏನೋ ಸುದ್ದಿ ಬಂತು ಅಂತ ಬಾಗಿಲಿಗೆ ಓಡುತ್ತೇನೆ. ಅದಕ್ಕೇ ಮೊದಲು ನಿನ್ನ ಆರೋಗ್ಯ ಕೇಳಿದ್ದು, ಬರೀ ವಾಡಿಕೆಗೆ ಅಲ್ಲ.

ಅಮ್ಮನಿಗೆ ಹೇಳಿದರೆ ಅಲ್ಲೇ ಕುಸಿದುಬೀಳುತ್ತಾಳೆ. ಅಪ್ಪನಿಗೆ ಹೇಳಿದರೆ ಏನು ಮಾಡುತ್ತಾರೋ. ಕಾಡಸಿದ್ದಯ್ಯನವರನ್ನು ಕರೆಸಿ ಗುಂಡಿ ತೆಗೆಸುತ್ತಾರಾ? ತಾತನನ್ನು ಮತ್ತೆ ನೋಡಲು ನನ್ನ ಕೈಲಿ ಆಗುವುದಿಲ್ಲ. ಇಲ್ಲ, ತಾತ ನಿನ್ನ ಲಿಂಗ ಇಟ್ಟುಕೊಂಡಿದ್ದರು ಅನ್ನುವುದೇ ಅಪ್ಪನಿಗೆ ದೊಡ್ಡ ಪೆಟ್ಟಾಗುತ್ತದಾ? ಮೂರು ವರ್ಷ ತಾನು ಹೆಸರೆತ್ತದ ಮಗನನ್ನು ತನ್ನ ಅಪ್ಪ ದಿನಾ ಅಂಗೈಯಲ್ಲಿ ಇಟ್ಟುಕೊಂಡಿದ್ದರು ಅಂತ ಗೊತ್ತಾದರೆ ಅವರು ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು? ನಾನು ಎಷ್ಟು ಯೋಚಿಸಿದರೂ ತಿಳಿಯದ ಒಂದು ವಿಷಯ ಇದೆ. ಮನೆಯಲ್ಲಿ ಮೂರು ವರ್ಷ ಬಚ್ಚಿಟ್ಟಿದ್ದನ್ನು ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ ಜೇಬಿನಲ್ಲಿ ಯಾಕೆ ಇಟ್ಟುಕೊಂಡು ಬಂದರು? ಪೂಜೆ ಮುಗಿಸಿ ಮರೆತು ಜೇಬಿಗೆ ಹಾಕಿಕೊಂಡರಾ? ತಾತ ಇಂಥದ್ದನ್ನು ಮರೆಯುವವರಲ್ಲ.

ನಿನಗೆ ಈ ಶಾಸ್ತ್ರವೆಲ್ಲ ತಾತ ಹೇಳಿಕೊಟ್ಟಿದ್ದಾರೆ, ನನಗೆ ಹೆಣ್ಣುಮಗಳು ಅಂತ ಅರ್ಧಕ್ಕೆ ನಿಲ್ಲಿಸಿದರು. ಆದ್ದರಿಂದ ನೀನೇ ಹೇಳು, ನಾನು ಏನು ಮಾಡಲಿ. ಶನಿವಾರ ಹನ್ನೊಂದನೇ ದಿನ. ಊರೂರಿನ ಅಯ್ಯನೋರು ಬರುತ್ತಾರೆ, ಗದ್ದುಗೆ ಪೂಜೆ ಆಗುತ್ತದೆ. ಅಷ್ಟರೊಳಗೆ ಬಾ. ಅಪ್ಪ ಬಾಗಿಲಲ್ಲಿ ನಿಂತಿದ್ದರೆ ಹಿತ್ತಲಿಂದ ಬಾ. ನೀನು ಪಕ್ಕದಲ್ಲಿ ನಿಂತರೆ ನಾನು ಅಪ್ಪನಿಗೆ ಎಲ್ಲ ಹೇಳಿಬಿಡುತ್ತೇನೆ. ಒಬ್ಬಳೇ ಹೇಳಲಾರೆ. ಒಂದು ಸಲ ಒಬ್ಬಳೇ ನಿಂತು ನೋಡಿದೆನಲ್ಲ, ಬಾಯೇ ಬರಲಿಲ್ಲ.

ಅಮ್ಮನಿಗೆ ನಾನು ಬರೆಯುತ್ತಿರುವುದು ಗೊತ್ತಿಲ್ಲ, ಗೊತ್ತಿದ್ದರೆ ಅವಳ ಆಶೀರ್ವಾದ ಈ ಹಾಳೆಯಲ್ಲಿ ಹಿಡಿಯುತ್ತಿರಲಿಲ್ಲ. ಅವಳ ಪರವಾಗಿ ನಾನೇ ಹೇಳುತ್ತಿದ್ದೇನೆ, ಚೆನ್ನಾಗಿರು, ಹೊತ್ತು ಹೊತ್ತಿಗೆ ಉಣ್ಣು, ಕರೆಂಟಿನ ಹತ್ತಿರ ಹುಷಾರು. ದೊಡ್ಡವರು ಹರಸುತ್ತಿದ್ದ ಹಾಗೆ ಹರಸಲು ನಮ್ಮ ಮನೆಯಲ್ಲಿ ಈಗ ತಾತ ಇಲ್ಲ. ಆದರೆ ಮೂರು ವರ್ಷದ್ದು ನಿನಗೆ ಮೊದಲೇ ಸಂದಿದೆ.

ಇಂತಿ ನಿನ್ನ ತಂಗಿ,
ಭವ್ಯ

ಮರೆತಿದ್ದು: ಸೋಮವಾರ, ಮಧುಗಿರಿ ಬಸ್ ಸ್ಟ್ಯಾಂಡು. ಮರೆತಿದ್ದಲ್ಲ, ಈಗ ತಿಳಿದದ್ದು. ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕವರು ಕೊಡೋಣ ಅಂತ ಹೋದರೆ ಅದೇ ಬಸ್ಸು, ಅದೇ ಮೋಹನ್ ಕುಮಾರ್. ನನ್ನ ಗುರುತು ಸಿಕ್ಕಿತು. ಕವರಿನ ಮೇಲಿನ ನಿನ್ನ ಹೆಸರು, ಅಂಗಡಿಯ ಹೆಸರು ಎರಡು ಸಲ ಓದಿದರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಇವ್ರನ್ನ ನೋಡಕ್ಕೇ ಅಲ್ವೇನಮ್ಮ ಅವತ್ತು ನಿಮ್ ತಾತ ಹೊಂಟಿದ್ದು. ಪಾವಗಡಕ್ಕೆ ಎಲ್ಡು ಟಿಕೆಟ್ ತಗಂಡಿದ್ರು. ಮೋಟ್ರು ಸುತ್ತೋ ಅಂಗಡಿಗೆ ಬಸ್ ಸ್ಟ್ಯಾಂಡಿಂದ ನಡೀಬೋದೇನಪ್ಪ ಅಂದ್ರು. ಮೊಮ್ಮಗಂದು ಒಂದು ಸಾಮಾನು ನನ್ ತಾವ ಉಳ್ಕಂಡೈತೆ, ಕೊಟ್ಟು, ನಂದೇ ತಪ್ಪು ಕಣಪ್ಪ, ನಿನ್ನ ಕಳಿಸಬಾರದಿತ್ತು ಅಂತ ಹೇಳ್ಬೇಕು ಅಂದ್ರು. ಕಣ್ಣಿಗೆ ಔಷಧಿ ಬಿಟ್ಟವ್ರೆ, ಮುಚ್ಕಂತೀನಿ, ಪಾವಗಡ ಬಂದಾಗ ಎಬ್ಬಿಸು ಅಂದ್ರು. ಮಧುಗಿರೀಲಿ ನೀನು ಎಬ್ಬಿಸ್ದಾಗ ಅದಕ್ಕೇ ಇನ್ನೂ ಐತೆ ಕೂತ್ಕಳಮ್ಮ ಅಂದಿದ್ದು ನಾನು."

ಕೊರಟಗೆರೆಯ ಡಾಕ್ಟರು, ಖಾಲಿ ಬಸ್ಸಿಗೆ ರಶ್ಶು ಅಂದದ್ದು, ನನ್ನ ಕೈಲಿ ಬೋರ್ಡು ಓದಿಸಿದ್ದು, ಎಲ್ಲ ಇದಕ್ಕೆ. ಮಧುಗಿರಿಯಿಂದ ಪಾವಗಡ ಬಸ್ಸು ಹತ್ತಿದ್ದರೆ ನಮ್ಮೂರವರು ಯಾರಾದರೂ ನೋಡಿ ಅಪ್ಪನಿಗೆ ಹೇಳುತ್ತಿದ್ದರು.

ಡ್ರೈವರ್ ಹಾರ್ನ್ ಮಾಡುತ್ತಿದ್ದಾರೆ. ರೆಕಾರ್ಡ್ ಬುಕ್ ಕೊಡಲು ಕಾಲೇಜಿಗೆ ಹೋಗುತ್ತೇನೆ ಅಂತ ಅಮ್ಮನಿಗೆ ಹೇಳಿ ಬಂದಿದ್ದೆ. ಈಗ ಪಾವಗಡಕ್ಕೆ ಒಂದು ಟಿಕೆಟ್ ಕೊಡಿ ಅಂದುಬಿಟ್ಟೆ. ಕಂಪಾಸ್ ಬಾಕ್ಸು ಬ್ಯಾಗಿನಲ್ಲಿದೆ. ಕಾಗದವನ್ನು ಮೋಹನ್ ಕುಮಾರ್ ಅವರ ಕೈಲೇ ಇಡುತ್ತೇನೆ, ನನಗೆ ಧೈರ್ಯ ಸಾಲದೆ ಅಂಗಡಿಯ ಮುಂದೆ ಮಾತು ನಿಂತುಹೋದರೆ ಅವರು ಕೊಡುತ್ತಾರೆ. ಪಾವಗಡಕ್ಕೆ ಅಂತ ಹೊರಟ ತಾತನನ್ನು ಅವತ್ತು ನಾನು ಮಧುಗಿರಿಯಲ್ಲೇ ಇಳಿಸಿಕೊಂಡುಬಿಟ್ಟೆ ಅಣ್ಣ. ಇವತ್ತು ಇಳಿಯುವುದಿಲ್ಲ.